79 ನಿಮಿಷ ಕೇಳಿ, 500 ಪದ ಬರೆಯಿರಿ: ರಾಜಕೀಯ ರ‍್ಯಾಪ್ ಆಲ್ಬಂ ಬಗ್ಗೆ ಅಭಿಪ್ರಾಯ ಹೇಳುವ ಬಗೆ

ರಾಜಕೀಯ ಮಾತಾಡುವ ಹಿಪ್‌ಹಾಪ್ ಆಲ್ಬಂಗಳ ಬಗ್ಗೆ ಕೇಳುಗರು ಬರೆದದ್ದನ್ನು ಓದುತ್ತಾ ಹೋದರೆ ಒಂದೇ ಮಾತು ಮತ್ತೆ ಮತ್ತೆ ಸಿಗುತ್ತದೆ: 'ಒಳ್ಳೆಯ ಸಂದೇಶ ಇದೆ, ಎಲ್ಲರೂ ಕೇಳಲೇಬೇಕು.' ಬರೆದವರ ಮನಸ್ಸು ಒಳ್ಳೆಯದೇ, ಆದರೆ ಓದಿದವರ ಕೈಗೆ ಏನೂ ಹತ್ತುವುದಿಲ್ಲ. ವರ್ಣಭೇದ ತಪ್ಪು ಎಂದು ಒಪ್ಪಲು ಯಾರಿಗೂ ಆಲ್ಬಂ ಬೇಕಿಲ್ಲ. ಆ ಮಾತನ್ನು ಯಾರ ಬಾಯಲ್ಲಿ ಇಟ್ಟಿದ್ದಾರೆ, ಯಾವ ದನಿಯಲ್ಲಿ, ಯಾವ ಹಾಡಿನ ಬೆನ್ನಿಗೆ ಎಂದು ಕೇಳಿಸಿಕೊಳ್ಳಲು ಆಲ್ಬಂ ಬೇಕು. ಮಾತಿಗೆ ಒಪ್ಪಿಗೆ ಬೇರೆ, ಹಾಡಿಗೆ ಮೆಚ್ಚುಗೆ ಬೇರೆ. ಅಭಿಪ್ರಾಯ ಬರೆಯಲು ಕೂರುವವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು.

ಕೆಲಸ ಕಲಿಯಲು ಒಂದು ಆಲ್ಬಂ ಹಿಡಿದುಕೊಳ್ಳೋಣ: ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಮಾರ್ ಅವರ 'ಟು ಪಿಂಪ್ ಎ ಬಟರ್‌ಫ್ಲೈ'. 2015ರ ಮಾರ್ಚ್‌ನಲ್ಲಿ ಬಂತು. 16 ಹಾಡು, ಒಟ್ಟು 78 ನಿಮಿಷ 51 ಸೆಕೆಂಡ್. ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನಲ್ಲಿ ಬೆಳೆದವನೊಬ್ಬ ಹೆಸರು, ದುಡ್ಡು ಎರಡನ್ನೂ ಗಳಿಸಿ, ತನ್ನವರನ್ನು ಹಿಂದೆ ಬಿಟ್ಟೆನೆಂದು ಒಳಗೊಳಗೇ ಬೆಂದು, ಮತ್ತೆ ಊರಿನ ದಾರಿ ಹಿಡಿಯುವುದು ಅದರ ಬೆನ್ನೆಲುಬು. 2016ರಲ್ಲಿ ಅತ್ಯುತ್ತಮ ರ‍್ಯಾಪ್ ಆಲ್ಬಂ ಎಂಬ ಗ್ರ್ಯಾಮಿ ಬಂತು. ಪ್ರಶಸ್ತಿ ಬಂದ ಮಾತ್ರಕ್ಕೆ ಅದರ ಮೇಲಿನ ವಾದ ಮುಗಿಯಲಿಲ್ಲ. ಅಭಿಪ್ರಾಯ ಬರೆಯುವುದನ್ನು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಕೇಳುವ ಮುನ್ನ

ಆ್ಯಪ್‌ನಲ್ಲಿ ಈ ಆಲ್ಬಂಗೆ ಎರಡು ಆವೃತ್ತಿ ಕಾಣಬಹುದು. ಬೈಗುಳ ತೆಗೆದ 'ಕ್ಲೀನ್' ಆವೃತ್ತಿ ಬೇಡ, 'ಎಕ್ಸ್‌ಪ್ಲಿಸಿಟ್' ಎಂದು ಗುರುತಿರುವುದನ್ನೇ ತೆಗೆದುಕೊಳ್ಳಿ. 15ನೇ ಹಾಡಿನ ಕೊನೆಯ ಭಾಗ ಪೂರ್ತಿ ನಿಂತಿರುವುದೇ ಒಂದು ನಿಂದೆಯ ಪದದ ಮೇಲೆ. ಆ ಪದವನ್ನು ಮೊದಲಿನಿಂದ ಅಳಿಸುತ್ತಾ ಬಂದರೆ ಕೊನೆಯಲ್ಲಿ ಆತ ಏನನ್ನು ತಿರುಗಿಸಿ ಹೇಳುತ್ತಿದ್ದಾನೆ ಎಂಬುದೇ ತಿಳಿಯುವುದಿಲ್ಲ.

ಶಫಲ್ ಆಫ್ ಮಾಡಿ. ಒಂದು ಹಾಡಿನ ಕೊನೆಯನ್ನು ಮುಂದಿನದರ ಆರಂಭಕ್ಕೆ ಬೆರೆಸುವ 'ಕ್ರಾಸ್‌ಫೇಡ್' ಇದ್ದರೆ ಸೊನ್ನೆಗೆ ಇಳಿಸಿ. ಉಚಿತ ಖಾತೆಯಲ್ಲಿ ಹಾಡುಗಳ ನಡುವೆ ಜಾಹೀರಾತು ನುಗ್ಗುತ್ತದೆ. ಬೇರೆ ಆಲ್ಬಂಗಳಲ್ಲಿ ಅದು ಬರೀ ಕಿರಿಕಿರಿ, ಇಲ್ಲಿ ಅದರಿಂದ ಅರ್ಥವೇ ಕೆಡುತ್ತದೆ, ಏಕೆಂದರೆ ಇಲ್ಲಿ ಹಾಡು ಮುಗಿದ ಮೇಲೆ ಬರುವ ಮಾತು ಮುಂದಿನ ಹಾಡಿನ ಬಾಗಿಲು. ಸಾಧ್ಯವಾದರೆ ಸ್ನೇಹಿತರ ಸಿ.ಡಿ.ಯನ್ನೋ ಖರೀದಿಸಿದ ಫೈಲ್‌ಗಳನ್ನೋ ಬಳಸಿ.

ಫೋನಿನ ಸ್ಪೀಕರ್‌ನಲ್ಲಿ ಕೇಳಿ ಬರೆದ ಅಭಿಪ್ರಾಯವನ್ನು ನಂಬಬೇಡಿ, ನಿಮ್ಮದಾದರೂ ಸರಿ. ಇಲ್ಲಿ ಥಂಡರ್‌ಕ್ಯಾಟ್ ಅವರ ಬೇಸ್ ಗಿಟಾರ್ ಹಾಡಿನ ಅರ್ಧ ಮಾತನ್ನು ಆಡುತ್ತದೆ, ಆ ಚಿಕ್ಕ ಸ್ಪೀಕರ್‌ಗೆ ಅದು ದಕ್ಕುವುದಿಲ್ಲ. ಸಾಧಾರಣ ವೈರ್ ಇಯರ್‌ಫೋನ್ ಸಾಕು. 'ಬೇಸ್ ಬೂಸ್ಟ್' ಮಾತ್ರ ಆಫ್ ಇರಲಿ. ಅದು ಬೇಸ್‌ನ ಸದ್ದನ್ನು ಹೆಚ್ಚಿಸುತ್ತದೆ, ಸ್ವರಗಳನ್ನು ಕಲಸಿಬಿಡುತ್ತದೆ.

ನೋಟ್‌ಬುಕ್‌ನ ಎರಡು ಪುಟದಲ್ಲಿ 16 ಸಾಲು, 4 ಕಂಬ ಗೀಚಿಕೊಳ್ಳಿ: ಯಾರು ಯಾರಿಗೆ ಹೇಳುತ್ತಿದ್ದಾರೆ, ಏನು ಕೇಳಿಸುತ್ತಿದೆ, ಎಷ್ಟನೇ ನಿಮಿಷದಲ್ಲಿ ಮೈ ನೆಟ್ಟಗಾಯಿತು, ಎಲ್ಲಿ ಅನುಮಾನ ಬಂತು. ಮೊದಲ ಕಂಬವನ್ನೇ ಜನ ಖಾಲಿ ಬಿಡುವುದು. ಕೊನೆಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದೂ ಅದೇ.

ಆಮೇಲೆ ಐದು ನಿಮಿಷ ಮುಖಪುಟದ ಚಿತ್ರ ನೋಡಿ. ಕಪ್ಪು-ಬಿಳುಪು ಫೋಟೊ. ಅಮೆರಿಕದ ಶ್ವೇತಭವನದ ಮುಂದೆ ಕಪ್ಪು ಗಂಡಸರು, ಹುಡುಗರು ಅಂಗಿ ಬಿಚ್ಚಿ, ನೋಟಿನ ಕಂತೆ ಹಿಡಿದು ಗುಂಪುಗೂಡಿದ್ದಾರೆ. ಅವರ ಕಾಲಡಿ ಬಿಳಿಯ ನ್ಯಾಯಾಧೀಶನೊಬ್ಬ ಬಿದ್ದಿದ್ದಾನೆ, ಅವನ ಕಣ್ಣಿನ ಜಾಗದಲ್ಲಿ ಗುಣಿಸುವ ಚಿಹ್ನೆ. ಇದು ಗೆಲುವಿನ ಸಂಭ್ರಮವೋ, ಆ ಸಂಭ್ರಮದ ಮೇಲಿನ ಟೀಕೆಯೋ? ಈಗ ಅನಿಸಿದ್ದನ್ನು ಒಂದು ಸಾಲು ಬರೆದಿಡಿ. ಆಲ್ಬಂ ಮುಗಿದ ಮೇಲೆ ಅದೇ ಪ್ರಶ್ನೆಗೆ ಇನ್ನೊಂದು ಸಾಲು. ಎರಡೂ ಒಂದೇ ಆಗಿದ್ದರೆ ಇನ್ನೊಮ್ಮೆ ಕೇಳಬೇಕು.

ಮೂರು ಸಲ, ಮೂರು ಬಗೆ

ಮೊದಲ ಸಲ ಲಿರಿಕ್ಸ್ ನೋಡದೆ, ನಡುವೆ ಏಳದೆ ಕೇಳಿ. ಇಂಗ್ಲಿಷ್ ಅರ್ಧ ಅರ್ಥವಾಗದಿದ್ದರೂ ಪರವಾಗಿಲ್ಲ. ಕಾಂಪ್ಟನ್‌ನ ಆಡುಮಾತು ಅಮೆರಿಕದ ಬೇರೆ ಊರಿನವರಿಗೂ ಒಂದೇ ಸಲಕ್ಕೆ ಪೂರ್ತಿ ಸಿಗುವುದಿಲ್ಲ. ಈ ಸಲದ ಕೆಲಸ ದನಿಗಳನ್ನು ಎಣಿಸುವುದಷ್ಟೆ. ಲಮಾರ್ ಒಬ್ಬನೇ ಆದರೂ ಒಂದು ಕಡೆ ಕೀಚಲು ದನಿ, ಇನ್ನೊಂದು ಕಡೆ ಹಾಸ್ಯಗಾರನ ದನಿ, ಮತ್ತೊಂದು ಕಡೆ ಕುಡಿದು ಅಳುವವನ ದನಿ. ದನಿ ಬದಲಾದಲ್ಲೆಲ್ಲ ಮಾತಾಡುವ ಪಾತ್ರ ಬದಲಾಗಿದೆಯೇ ಎಂದು ಗುರುತು ಹಾಕಿ. ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ಪಾತ್ರದ ಮಾತನ್ನು ಕಲಾವಿದನ ಸ್ವಂತ ಅಭಿಪ್ರಾಯವೆಂದು ಅಲ್ಲಿ ಯಾರೂ ತಿಳಿಯುವುದಿಲ್ಲ. ರ‍್ಯಾಪ್ ಕೇಳುವಾಗ ಆ ಎಚ್ಚರ ಹೇಗೋ ತಪ್ಪಿಹೋಗುತ್ತದೆ.

ಎರಡನೇ ಸಲ ಒಂದು ದಿನ ಬಿಟ್ಟು, ಲಿರಿಕ್ಸ್ ಎದುರಿಗಿಟ್ಟುಕೊಂಡು. ಒಂದು ಹಾಡು ಕೇಳಿ, ನಿಲ್ಲಿಸಿ, ಬರೆದು, ಮುಂದಕ್ಕೆ. ಇದಕ್ಕೆ ಎರಡೂವರೆ ಗಂಟೆಯಾದರೂ ಹಿಡಿಯುತ್ತದೆ. ಕೇಳುಗರೇ ಸೇರಿಸಿದ ಟಿಪ್ಪಣಿಗಳಿರುವ ಲಿರಿಕ್ಸ್ ಪುಟಗಳನ್ನು ಈ ಹಂತದಲ್ಲಿ ತೆರೆಯಬೇಡಿ. ಬೇರೆಯವರ ಅರ್ಥ ಒಮ್ಮೆ ಕಿವಿಗೆ ಬಿದ್ದರೆ ನಿಮ್ಮದು ಮೇಲೇಳುವುದಿಲ್ಲ.

ಮೂರನೇ ಸಲ ಮಾತನ್ನು ಬಿಟ್ಟು ವಾದ್ಯ ಕೇಳಿ. ಮೊದಲ ಹಾಡಿನಲ್ಲಿ ಫಂಕ್ ಸಂಗೀತದ ಹಿರಿಯ ಜಾರ್ಜ್ ಕ್ಲಿಂಟನ್ ಅವರ ದನಿಯಿದೆ. ಆಲ್ಬಂನ ಉದ್ದಕ್ಕೂ ಜ್ಯಾಜ್‌ನವರಾದ ಟೆರೆಸ್ ಮಾರ್ಟಿನ್, ಪಿಯಾನೊದ ರಾಬರ್ಟ್ ಗ್ಲಾಸ್ಪರ್, ಸ್ಯಾಕ್ಸೊಫೋನಿನ ಕಮಾಸಿ ವಾಷಿಂಗ್ಟನ್ ಕೈ ಹಾಕಿದ್ದಾರೆ. 'ಕಿಂಗ್ ಕುಂಟಾ'ಕ್ಕೆ ಬೆರಳಲ್ಲಿ ನಾಲ್ಕು ಎಣಿಸುತ್ತಾ ಮೇಜು ತಟ್ಟಿ. ಕಾಲು ತಾನಾಗಿಯೇ ಕುಣಿಯುತ್ತದೆ, ಸಾಲುಗಳು ಎಣಿಕೆಯೊಳಗೆ ಬಂದು ಕೂರುತ್ತವೆ. ಈಗ ಅದರ ಹಿಂದಿನ 'ಫಾರ್ ಫ್ರೀ?'ಗೆ ಹಾಗೆಯೇ ತಟ್ಟಲು ನೋಡಿ. ಮಾತು ಎಣಿಕೆಯ ಗಡಿ ದಾಟಿ ಮುಂದೋಡುತ್ತದೆ, ಜ್ಯಾಜ್ ತಂಡ ಬೆನ್ನಟ್ಟುತ್ತದೆ. 'ಫ್ಲೋ (ಮಾತಿನ ಓಟ) ಚೆನ್ನಾಗಿದೆ' ಎಂದು ಬರೆಯುವ ಬದಲು ಈ ವ್ಯತ್ಯಾಸವನ್ನು ಬರೆದರೆ ಓದುಗನಿಗೆ ಹಾಡು ಕೇಳಿಸುತ್ತದೆ.

ಕವಿತೆಯ ದಾರ

ಆಲ್ಬಂನಲ್ಲಿ ಒಂದು ಕವಿತೆ ಸ್ವಲ್ಪಸ್ವಲ್ಪವಾಗಿ ಬಿಚ್ಚಿಕೊಳ್ಳುತ್ತದೆ. 'ಕಿಂಗ್ ಕುಂಟಾ' ಮುಗಿದಾಗ ಮೊದಲ ತುಣುಕು: ನೀನು ಗೊಂದಲದಲ್ಲಿದ್ದದ್ದು, ನಿನ್ನ ಪ್ರಭಾವವನ್ನು ತಪ್ಪಾಗಿ ಬಳಸಿದ್ದು ನೆನಪಿದೆ ಎಂಬರ್ಥದ ಮಾತು. ಪ್ರತಿ ಸಲವೂ ಮೊದಲಿನಿಂದ ಶುರುವಾಗಿ ಒಂದಷ್ಟು ಮುಂದೆ ಹೋಗಿ ನಿಲ್ಲುತ್ತದೆ. 'ದೀಸ್ ವಾಲ್ಸ್' ಕೊನೆಗೆ ಅದು ಹೋಟೆಲ್ ಕೋಣೆಯಲ್ಲಿ ಕಿರುಚುತ್ತಿರುವವನ ತನಕ ಬಂದು ನಿಲ್ಲುತ್ತದೆ. ಮರುಕ್ಷಣ 6ನೇ ಹಾಡು 'ಯು' ಶುರು, ಆ ಕಿರುಚಾಟವೇ ಅದರ ಆರಂಭ. 8ನೇ ಹಾಡಿನ ಕೊನೆಯಲ್ಲಿ ಕವಿತೆ ಊರಿಗೆ ಮರಳುವುದರ ಬಳಿ ನಿಲ್ಲುತ್ತದೆ, ಮುಂದಿನ ಹಾಡು 'ಮಾಮಾ'. ನೋಟ್‌ಬುಕ್‌ನಲ್ಲಿ ಈ ತುಣುಕುಗಳು ಬರುವ ಜಾಗಕ್ಕೆಲ್ಲ ಒಂದು ಅಡ್ಡಗೆರೆ ಎಳೆಯಿರಿ. ಯಾವ ಹಾಡು ಯಾವುದಕ್ಕೆ ಉತ್ತರ ಎಂಬ ನಕ್ಷೆ ಕಣ್ಣೆದುರು ಬರುತ್ತದೆ. ಶಫಲ್‌ನಲ್ಲಿ ಕೇಳಿದವರು 'ಅದೇ ಕವಿತೆ ಯಾಕೆ ಪದೇ ಪದೇ' ಎಂದು ದೂರುವುದು ಈ ಕಾರಣಕ್ಕೆ.

ಹತ್ತಿರದಿಂದ: 'ಯು', 'ಆಲ್‌ರೈಟ್'

ನಾಲ್ಕೂವರೆ ನಿಮಿಷಕ್ಕೆ ಎರಡು ಸೆಕೆಂಡ್ ಕಡಿಮೆ ಇರುವ 'ಯು'ವಿನಲ್ಲಿ 'ನೀನು' ಎಂದು ಬೈಸಿಕೊಳ್ಳುತ್ತಿರುವವನೂ ಬೈಯುತ್ತಿರುವವನೂ ಒಬ್ಬನೇ. ತಂಗಿ ಹದಿಹರೆಯದಲ್ಲೇ ಬಸುರಾದಾಗ ನೀನೆಲ್ಲಿದ್ದೆ ಎಂದು ಕೇಳುತ್ತಾನೆ. ನಡುವೆ ಕೋಣೆಯ ಬಾಗಿಲು ಬಡಿದ ಸದ್ದು, ಹೊರಗೆ ಕೋಣೆ ಸ್ವಚ್ಛ ಮಾಡಲು ಬಂದ ಹೆಂಗಸಿನ ದನಿ. ಇವನು ಬಾಗಿಲು ತೆರೆಯುವುದಿಲ್ಲ. ಸಂಗೀತ ಜಾರಿ ಬೇರೆಯಾಗುತ್ತದೆ, ಗಾಜಿನ ಸದ್ದು, ಅಳು ಬೆರೆತ ತೊದಲು ಮಾತು. ಆಸ್ಪತ್ರೆಯಲ್ಲಿದ್ದ ಗೆಳೆಯನನ್ನು ಹೋಗಿ ನೋಡದೆ ವಿಡಿಯೊ ಕರೆಯಲ್ಲಿ ಮುಗಿಸಿದ್ದು, ಆ ಗೆಳೆಯ ಸತ್ತದ್ದು. ರಾಜಕೀಯ ಎಲ್ಲಿದೆ ಇಲ್ಲಿ ಎಂದು ಕೇಳುವವರುಂಟು. ಲಕ್ಷಾಂತರ ಜನಕ್ಕೆ ದಾರಿ ತೋರುವವನೆಂದು ಹೆಸರು ಪಡೆದವನು ಮನೆಯವರ ಪಾಲಿಗೆ ಇಲ್ಲವಾಗಿದ್ದ ಎಂಬ ಲೆಕ್ಕ ಒಪ್ಪಿಸುವುದೇ ಇಲ್ಲಿನ ರಾಜಕೀಯ. ಆಲ್ಬಂನ ಬೇರೆಲ್ಲ ಮಾತಿಗೂ ಇದು ಅಡಿಪಾಯ.

ಇದರ ಬೆನ್ನಿಗೇ 'ಆಲ್‌ರೈಟ್'. ಫ್ಯಾರೆಲ್ ವಿಲಿಯಮ್ಸ್ ಅವರ ಹುಕ್ (ಮತ್ತೆ ಮತ್ತೆ ಬರುವ ಸಾಲು), ಒಮ್ಮೆ ಕೇಳಿದರೆ ಬಾಯಲ್ಲಿ ಉಳಿಯುತ್ತದೆ. 2015ರ ಜುಲೈನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಪೊಲೀಸರೆದುರು ನಿಂತ ಪ್ರತಿಭಟನಕಾರರು ಅದೇ ಹುಕ್ಕನ್ನು ಕೂಗಿದರು. ಆಮೇಲೆ ಅದು ಬೀದಿಯ ಹಾಡಾಯಿತು. ಅದಕ್ಕೂ ಮೊದಲು, ಜೂನ್‌ನ ಬಿ.ಇ.ಟಿ. (ಬ್ಲ್ಯಾಕ್ ಎಂಟರ್‌ಟೇನ್‌ಮೆಂಟ್ ಟೆಲಿವಿಷನ್) ಪ್ರಶಸ್ತಿ ಸಮಾರಂಭದಲ್ಲಿ ಲಮಾರ್ ಪೊಲೀಸ್ ಕಾರಿನ ಮೇಲೆ ನಿಂತು ಹಾಡಿದ್ದಕ್ಕೆ ಫಾಕ್ಸ್ ನ್ಯೂಸ್ ವಾಹಿನಿಯ ಚರ್ಚೆಯಲ್ಲಿ ಕಟುವಾದ ಟೀಕೆ ಬಂತು. ಅಭಿಪ್ರಾಯ ಬರೆಯುವವರು ಇಲ್ಲಿ ಎರಡು ಹಾಡುಗಳಿವೆ ಎಂದು ಎಣಿಸಬೇಕು. ಬೀದಿಯಲ್ಲಿ ಕೂಗಿದ್ದು ಒಂದು, ಹೋಟೆಲ್ ಕೋಣೆಯಿಂದ ಹೊರಬಿದ್ದವನ ಬಾಯಲ್ಲಿರುವುದು ಇನ್ನೊಂದು. ಎರಡೂ ನಿಜ. ಆದರೆ 'ಭರವಸೆಯ ಹಾಡು' ಎಂದು ಒಂದೇ ಸಾಲಲ್ಲಿ ಮುಗಿಸಿದರೆ ಎರಡನೆಯದು ಸತ್ತುಹೋಗುತ್ತದೆ. 'ಭರವಸೆ ಇಲ್ಲದವನು ಅದನ್ನು ಬಲವಂತವಾಗಿ ಬಾಯಿಗೆ ತಂದುಕೊಳ್ಳುವ ಹಾಡು' ಎಂದು ಬರೆದು, ಅದಕ್ಕೆ ಆಧಾರವಾಗಿ ಅದರ ಹಿಂದಿನ ನಾಲ್ಕೂವರೆ ನಿಮಿಷವನ್ನೂ ಕೊನೆಯ ಕವಿತೆಯ ತುಣುಕಿನಲ್ಲಿ ಮತ್ತೆ ಬರುವ ಲೂಸಿಯನ್ನೂ ತೋರಿಸಿ. ಲೂಸಿ ಎಂದರೆ ಲೂಸಿಫರ್, ಆಮಿಷ ಒಡ್ಡುವ ಸೈತಾನ.

ಜಗಳದ ಹಾಡನ್ನು ಹೇಗೆ ಹಿಡಿಯುವುದು

13ನೇ ಹಾಡು 'ದ ಬ್ಲ್ಯಾಕರ್ ದ ಬೆರಿ'. ಮೂರು ವರ್ಸ್ (ಚರಣ), ಮೂರರ ಆರಂಭದಲ್ಲೂ ತಾನು 2015ರ ಅತಿ ದೊಡ್ಡ ಆಷಾಢಭೂತಿ ಎಂಬ ಘೋಷಣೆ. ಯಾಕೆಂದು ಕೊನೆಯವರೆಗೂ ಹೇಳುವುದಿಲ್ಲ. ಬಿಳಿಯರ ದ್ವೇಷದ ಮೇಲೆ ಉರಿದುಬೀಳುತ್ತಾ ಬಂದು ಕೊನೆಯ ಸಾಲಿನಲ್ಲಿ ಕತ್ತಿ ತಿರುಗುತ್ತದೆ: 2012ರ ಫೆಬ್ರುವರಿಯಲ್ಲಿ ಫ್ಲಾರಿಡಾದಲ್ಲಿ ಗುಂಡೇಟಿಗೆ ಬಲಿಯಾದ ಹುಡುಗ ಟ್ರೇವಾನ್ ಮಾರ್ಟಿನ್‌ಗಾಗಿ ಅತ್ತ ತಾನೇ ಗ್ಯಾಂಗ್ ಜಗಳದಲ್ಲಿ ತನಗಿಂತ ಕಪ್ಪಾದವನನ್ನು ಕೊಂದವನು ಎಂಬ ಅರ್ಥ.

ಕೇಳುಗರು ಇಲ್ಲಿ ಎರಡು ಪಕ್ಷವಾದರು. ಕಪ್ಪು ಜನರ ಮೇಲೆಯೇ ತಪ್ಪು ಹೊರಿಸುವ ಹಳೆಯ ವಾದ ಇದು ಎಂದು ಒಂದು ಕಡೆ, ಇದು ಪಾತ್ರವೊಂದರ ಆತ್ಮನಿಂದೆ ಎಂದು ಇನ್ನೊಂದು ಕಡೆ. ಪಕ್ಷ ಹಿಡಿಯುವ ಮೊದಲು ಮಾಡಬೇಕಾದ ಕೆಲಸ ಸರ್ವನಾಮಗಳನ್ನು ಎಣಿಸುವುದು. ಕೊನೆಯ ಸಾಲಿನಲ್ಲಿ 'ನೀವು' ಇಲ್ಲ, 'ನಾನು' ಇದೆ. ಇದು ಎರಡನೆಯ ಪಕ್ಷಕ್ಕೆ ಬಲ. ಆದರೆ ಈ ಹಾಡು ಆಲ್ಬಂಗಿಂತ ಮೊದಲೇ, ಫೆಬ್ರುವರಿಯಲ್ಲಿ, ಒಂಟಿಯಾಗಿ ಬಂತು. 'ಯು' ಕೇಳದ ಕಿವಿಗೆ ಆ 'ನಾನು' ಇಡೀ ಸಮುದಾಯದ ಮೇಲೆ ಬಿದ್ದ ಆರೋಪದಂತೆ ಕೇಳಿಸಿದ್ದು ಸಹಜ. ನಮ್ಮ ತೀರ್ಮಾನ: ಆಲ್ಬಂನೊಳಗೆ ಹಾಡು ಗಟ್ಟಿಯಾಗಿ ನಿಲ್ಲುತ್ತದೆ, ಆದರೂ ಕೊನೆಯ ಸಾಲಿನ ಹೋಲಿಕೆ ಸಡಿಲ. ಶಿಕ್ಷೆಯ ಭಯವಿಲ್ಲದೆ ನಡೆದ ಕೊಲೆಯನ್ನೂ ಬಡ ಬಡಾವಣೆಯ ಹುಡುಗರ ಹೊಡೆದಾಟವನ್ನೂ ಒಂದೇ ತಕ್ಕಡಿಗೆ ಹಾಕಿದರೆ ಅಧಿಕಾರದ ಭಾರ ಲೆಕ್ಕಕ್ಕೆ ಸಿಗುವುದಿಲ್ಲ. ಮೆಚ್ಚಿದ ಆಲ್ಬಂನಲ್ಲೇ ಒಪ್ಪದ ಸಾಲೊಂದನ್ನು ಹೀಗೆ ಹೆಸರಿಸಿ ಹೇಳಿದರೆ ನಿಮ್ಮ ಉಳಿದ ಮೆಚ್ಚುಗೆಗೆ ಬೆಲೆ ಬರುತ್ತದೆ.

ಇನ್ನೊಂದು ಅಂಥದೇ ಜಾಗ 'ದೀಸ್ ವಾಲ್ಸ್'. ಗೆಳೆಯನನ್ನು ಕೊಂದು ಜೈಲಿನಲ್ಲಿರುವವನ ಮೇಲಿನ ಸೇಡಿಗೆ ಅವನ ಮಗುವಿನ ತಾಯಿಯ ಜತೆ ಮಲಗುವ ಕಥೆ. ಪ್ರಭಾವದ ದುರ್ಬಳಕೆಗೆ ಇದು ಆತ ಕೊಡುವ ಸಾಕ್ಷಿ ಎಂಬುದು ಸರಿ, ಆದರೆ ಆ ಹೆಣ್ಣಿಗೆ ಅಲ್ಲಿ ಮಾತಿಲ್ಲ. ಮೈಬಣ್ಣದ ಮೇಲುಕೀಳಿನ ಬಗೆಗಿನ 'ಕಾಂಪ್ಲೆಕ್ಷನ್'ನಲ್ಲಿ ಮಹಿಳಾ ರ‍್ಯಾಪರ್ ರ‍್ಯಾಪ್ಸಡಿ ಬಂದು ತನ್ನ ವರ್ಸ್ ಹೇಳುವವರೆಗೆ ಈ ಕೊರತೆ ಕಿವಿಗೆ ಹೊಡೆಯುತ್ತಲೇ ಇರುತ್ತದೆ.

ಅದೇ ಹಾಡು, ಜಾಗ ಬೇರೆ

'ಐ' ಹಾಡನ್ನು ಎರಡು ಸಲ ಕೇಳಿ: 2014ರ ಸೆಪ್ಟೆಂಬರ್‌ನ ಸಿಂಗಲ್ (ಬಿಡಿಯಾಗಿ ಬಂದ ಹಾಡು) ಮೊದಲು, ಆಲ್ಬಂನ 15ನೇ ಹಾಡು ಆಮೇಲೆ. ಸಿಂಗಲ್ ನುಣುಪಾದ ಸ್ಟುಡಿಯೊ ಹಾಡು, ಐಸ್ಲಿ ಬ್ರದರ್ಸ್ ಅವರ ಹಳೆಯ ಹಾಡಿನ ಗಿಟಾರಿನ ಮೇಲೆ ನಿಂತದ್ದು. ಆಲ್ಬಂನಲ್ಲಿ ಅದೇ ಹಾಡು ವೇದಿಕೆಯ ಮೇಲೆ ನಡೆಯುತ್ತಿರುವಂತೆ ಇದೆ. ನಡುವೆ ಜನರ ಮಧ್ಯೆ ಹೊಡೆದಾಟ ಶುರುವಾಗುತ್ತದೆ, ಸಂಗೀತ ನಿಲ್ಲುತ್ತದೆ, ಗಾಯಕ ಜನರನ್ನು ಗದರಿ, ಈ ವರ್ಷ ಎಷ್ಟು ಮಂದಿಯನ್ನು ಕಳಕೊಂಡೆವು ಎಂದು ಕೇಳಿ, ವಾದ್ಯವಿಲ್ಲದೆ ಮಾತು ಶುರುಮಾಡುತ್ತಾನೆ. ಕಪ್ಪು ಜನರನ್ನು ಹೀಯಾಳಿಸುವ ಪದವನ್ನು ಇಥಿಯೋಪಿಯಾದಲ್ಲಿ ರಾಜನಿಗಿರುವ 'ನೆಗುಸ್' ಎಂಬ ಪದದತ್ತ ತಿರುಗಿಸುತ್ತಾನೆ. ಸಿಂಗಲ್ ತೀರಾ ಸಿಹಿ ಎಂದು ಮುಖ ತಿರುಗಿಸಿದ್ದ ಕೇಳುಗರಲ್ಲಿ ಅನೇಕರು ಇದನ್ನು ಕೇಳಿ ಮಾತು ಬದಲಿಸಿದರು. ನಿಮ್ಮ ಬರಹದಲ್ಲಿ ಯಾವ ಆವೃತ್ತಿ ಕೇಳಿದಿರಿ ಎಂದು ಹೇಳಿ, ಇಲ್ಲದಿದ್ದರೆ ಒಬ್ಬರು ಒಂದರ ಬಗ್ಗೆ, ಇನ್ನೊಬ್ಬರು ಇನ್ನೊಂದರ ಬಗ್ಗೆ ವಾದಿಸುತ್ತಾ ಕೂರುತ್ತಾರೆ.

ಕನ್ನಡದಲ್ಲಿ ಬರೆಯುವಾಗ ಎಡವುವ ಪದಗಳು

'ನೀಗ್ರೋ' ಬೇಡ, ಅದು ಹಳಸಿದ ಪದ. 'ಕರಿಯರು' ಎಂಬುದರಲ್ಲಿ ತಾತ್ಸಾರ ಸೇರಿಕೊಂಡಿದೆ. 'ಕಪ್ಪು ಜನ', 'ಆಫ್ರಿಕನ್ ಅಮೆರಿಕನ್ನರು' ಸಾಕು. ಸಾಲು ಉದ್ಧರಿಸುವಾಗ ನಿಂದೆಯ ಪದ ಬಂದರೆ ಅದನ್ನು ಬಿಟ್ಟು ಉಳಿದದ್ದನ್ನು ಬರೆಯಿರಿ. ಆ ಪದವನ್ನು ತಿರುಗಿಸುವ ಹಕ್ಕು ಅದನ್ನು ಹೊತ್ತು ಬದುಕಿದವರದ್ದು.

ತಾವು ಬೆಳೆದ ಬಡಾವಣೆಗೆ ಅವರು ಹೇಳುವ 'ಹುಡ್' ಎಂಬುದಕ್ಕೆ 'ಕೊಳೆಗೇರಿ' ತಪ್ಪು. ಕಾಂಪ್ಟನ್ ಎಂದರೆ ಅಂಗಳವಿರುವ ಬಿಡಿಬಿಡಿ ಮನೆಗಳ ಒಂದು ನಗರ. ಅಲ್ಲಿನ ಕಷ್ಟ ಗುಡಿಸಲಿನದಲ್ಲ. ಕೆಲಸ ಇಲ್ಲದಿರುವುದು, ಗ್ಯಾಂಗು, ಪೊಲೀಸರದ್ದು. 'ಕೇರಿ' ಎಂದರೆ ಸೊಗಸಾಗಿ ಕೇಳಿಸುತ್ತದೆ, ಜತೆಗೇ ನಮ್ಮ ಜಾತಿಯ ಭೂಗೋಳವನ್ನೂ ಎಳೆದು ತರುತ್ತದೆ. ಬೇಕೆಂದೇ ತರುವುದಾದರೆ ತನ್ನಿ, ಗೊತ್ತಿಲ್ಲದೆ ತರಬೇಡಿ. ಹೋಲಿಕೆಗೆ ನೆಲೆ ಇಲ್ಲದೇ ಇಲ್ಲ: 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನು ಪಡೆದದ್ದೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ. ಆದರೆ ಹೋಲಿಕೆಗೆ ಒಂದು ಪ್ಯಾರಾ ಮೀಸಲಿಡಿ, ಅದು ಎಲ್ಲಿ ಹೊಂದುವುದಿಲ್ಲ ಎಂಬುದನ್ನೂ ಅದರಲ್ಲೇ ಹೇಳಿ.

ಶೀರ್ಷಿಕೆಯ 'ಪಿಂಪ್' ಎಂದರೆ ತಲೆಹಿಡುಕ. ಚಿಟ್ಟೆಯನ್ನು, ಅಂದರೆ ಅರಳಿದ ಪ್ರತಿಭೆಯನ್ನು, ದಂಧೆಗೆ ಇಳಿಸುವುದು ಎಂದು ಅರ್ಥ. 'ಚಿಟ್ಟೆಯನ್ನು ಅಲಂಕರಿಸುವುದು' ಎಂದು ಮೆತ್ತಗೆ ಮಾಡಿದರೆ ಆಲ್ಬಂನ ಕೋಪವೇ ಹೋಯಿತು. 'ಯು' ಮತ್ತು 'ಐ' ಎಂಬ ಹೆಸರುಗಳು ಇಂಗ್ಲಿಷ್‌ನಲ್ಲಿ ಸಣ್ಣಕ್ಷರದಲ್ಲಿವೆ, ತನ್ನನ್ನು ತಾನು ಕುಗ್ಗಿಸಿಕೊಂಡಂತೆ. ಕನ್ನಡ ಲಿಪಿಯಲ್ಲಿ ಅದು ಕಾಣದ ಕಾರಣ ಒಂದು ಸಾಲಲ್ಲಿ ಹೇಳಬೇಕು. 'ಹುಡ್ ಪಾಲಿಟಿಕ್ಸ್'ನಲ್ಲಿ ಡೆಮಾಕ್ರಟಿಕ್ ಪಕ್ಷದ ಹೆಸರಿಗೆ ಕ್ರಿಪ್ಸ್ ಗ್ಯಾಂಗನ್ನೂ ರಿಪಬ್ಲಿಕನ್ ಹೆಸರಿಗೆ ಬ್ಲಡ್ಸ್ ಗ್ಯಾಂಗನ್ನೂ ಬೆಸೆದ ಪದ ಬರುತ್ತದೆ. ಅನುವಾದಿಸಲು ಹೋಗಬೇಡಿ. ಎರಡು ಗ್ಯಾಂಗುಗಳ ಬಣ್ಣ ನೀಲಿ, ಕೆಂಪು. ಎರಡು ಪಕ್ಷಗಳ ಬಣ್ಣವೂ ಅವೇ ಎಂದಷ್ಟು ಹೇಳಿದರೆ ಓದುಗ ತಾನೇ ಸೇರಿಸಿಕೊಳ್ಳುತ್ತಾನೆ.

ಬರೆಯುವುದು

ಮೂರು ಸಲ ಕೇಳಿ ಮುಗಿದ ಮೇಲೆ ಎರಡು ದಿನ ಬಿಟ್ಟು ಕೂತುಕೊಳ್ಳಿ. 500 ಪದದೊಳಗೆ ಒಂದೇ ವಾದ, ಅದಕ್ಕೆ ಮೂರು ಜಾಗ. ಪ್ರತಿ ಜಾಗಕ್ಕೂ ಹಾಡಿನ ಹೆಸರು, ನಿಮಿಷ-ಸೆಕೆಂಡ್ ಕೊಡಿ, ಓದುವವರು ಅಲ್ಲಿಗೇ ಹೋಗಿ ಕೇಳಿ ನೋಡಲಿ. ನಿಮ್ಮನ್ನು ತಡೆದ ಒಂದು ಜಾಗ ಕಡ್ಡಾಯ. 16 ಹಾಡಿಗೂ ಒಂದೊಂದು ಸಾಲು ಬರೆಯುವ ಆಸೆ ಬರುತ್ತದೆ, ಬಿಟ್ಟುಬಿಡಿ. ಅದು ಪಟ್ಟಿಯಾಗುತ್ತದೆ. ನಕ್ಷತ್ರ, ಅಂಕ ಬೇಡ. ಹತ್ತಕ್ಕೆ ಒಂಬತ್ತು ಎಂದ ಕೂಡಲೇ ಓದುವವರು ಉಳಿದದ್ದನ್ನು ಬಿಟ್ಟು ಆ ಒಂದು ಅಂಕ ಯಾಕೆ ಹೋಯಿತು ಎಂದು ಕೇಳುತ್ತಾರೆ.

ಕಥೆ ಹೇಳುವ ಹಾಡಿದ್ದರೆ ಕಥೆಯನ್ನು ಪೂರ್ತಿ ಬಿಚ್ಚಬೇಡಿ. 'ಹೌ ಮಚ್ ಎ ಡಾಲರ್ ಕಾಸ್ಟ್'ನಲ್ಲಿ ದಕ್ಷಿಣ ಆಫ್ರಿಕಾದ ಪೆಟ್ರೋಲ್ ಬಂಕ್ ಬಳಿ ಒಬ್ಬ 10 ರ‍್ಯಾಂಡ್ ಕೇಳುತ್ತಾನೆ, ಗಾಯಕ ಕೊಡುವುದಿಲ್ಲ. ಇಷ್ಟು ಹೇಳಿ, ಕೇಳುಗನ ಅನುಕಂಪ ಯಾವ ನಿಮಿಷದಲ್ಲಿ ಒಬ್ಬನಿಂದ ಇನ್ನೊಬ್ಬನ ಕಡೆಗೆ ಸರಿಯಿತು ಎಂದು ಬರೆದರೆ ಸಾಕು.

ಮುಗಿದ ಮೇಲೆ ಗಟ್ಟಿಯಾಗಿ ಓದಿ, 'ಅದ್ಭುತ', 'ಕಣ್ಣು ತೆರೆಸುವ', 'ಇಂದಿಗೂ ಪ್ರಸ್ತುತ' ಎಂಬವನ್ನು ಹೊಡೆದುಹಾಕಿ. ಪ್ರತಿ ಹೊಡೆತದ ಜಾಗದಲ್ಲಿ ಕೇಳಿಸಿದ ಒಂದು ಸದ್ದನ್ನು ಇಡಿ.

ಗುಂಪಿನಲ್ಲಿ ಅಭಿಪ್ರಾಯ ಸಂಗ್ರಹಿಸುವುದಾದರೆ

ಆರರಿಂದ ಎಂಟು ಜನ ಸಾಕು, ಹತ್ತು ದಾಟಿದರೆ ಇಬ್ಬರ ಮಾತೇ ನಡೆಯುತ್ತದೆ. ಎರಡೂವರೆ ಗಂಟೆ ಇಟ್ಟುಕೊಳ್ಳಿ. ನಡುವೆ ಒಂದೇ ವಿರಾಮ, 8ನೇ ಹಾಡು ಮುಗಿದ ಕೂಡಲೇ, 33 ನಿಮಿಷದ ಸುಮಾರಿಗೆ. ಕವಿತೆ ಊರಿನ ಬಾಗಿಲಿಗೆ ಬಂದು ನಿಂತ ಜಾಗ ಅದು, ಕಥೆಯೂ ಅಲ್ಲಿ ಉಸಿರು ತೆಗೆದುಕೊಳ್ಳುತ್ತದೆ. ವಿರಾಮದಲ್ಲಿ ಚಹಾ ಇರಲಿ, ಆಲ್ಬಂ ಬಗ್ಗೆ ಚರ್ಚೆ ಬೇಡ.

ಎಲ್ಲರಿಗೂ ಮೊದಲೇ ಒಂದೊಂದು ಚೀಟಿ, ಪೆನ್ನು ಕೊಟ್ಟಿರಿ. ಮಾತಿಗಿಂತ ಮೊದಲು ಪ್ರತಿಯೊಬ್ಬರೂ ಐದು ಸಾಲು ಬರೆಯಬೇಕು. ಹಾಗೆ ಮಾಡದಿದ್ದರೆ ಮೊದಲು ಬಾಯಿ ತೆರೆದವರ ಅಭಿಪ್ರಾಯಕ್ಕೆ ಉಳಿದವರು ತಲೆಯಾಡಿಸುತ್ತಾರೆ, ನಿಮ್ಮ ಬಳಿ ಎಂಟು ಅಭಿಪ್ರಾಯದ ಬದಲು ಒಂದೇ ಉಳಿಯುತ್ತದೆ. ಓದುವಾಗ ಹೆಚ್ಚು ರ‍್ಯಾಪ್ ಕೇಳಿದವರ ಸರದಿ ಕೊನೆಗೆ ಬರಲಿ.

ಕೊನೆಯ ಹಾಡು 'ಮಾರ್ಟಲ್ ಮ್ಯಾನ್' 12 ನಿಮಿಷ 7 ಸೆಕೆಂಡ್. ಕವಿತೆ ಪೂರ್ತಿಯಾದ ಮೇಲೆ ಅದನ್ನು ಯಾರಿಗೆ ಓದಿ ಹೇಳುತ್ತಿದ್ದ ಎಂದು ತಿಳಿಯುತ್ತದೆ. 1996ರಲ್ಲಿ ಕೊಲೆಯಾದ ರ‍್ಯಾಪರ್ ಟೂಪಾಕ್ ಶಕೂರ್, 1994ರ ಹಳೆಯ ಸಂದರ್ಶನದ ದನಿಯಲ್ಲಿ, ಲಮಾರ್ ಕೇಳಿದ ಪ್ರಶ್ನೆಗಳಿಗೆ ಉತ್ತರಿಸುತ್ತಿರುವಂತೆ ಜೋಡಿಸಿದ್ದಾರೆ. ಕಂಬಳಿಹುಳ, ಚಿಟ್ಟೆಗಳ ಬಗ್ಗೆ ಕೇಳಿದ ಕೊನೆಯ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಲಮಾರ್ ಅವನ ಹೆಸರು ಹಿಡಿದು ಕರೆಯುತ್ತಾನೆ, ಮತ್ತೆ ಕರೆಯುತ್ತಾನೆ, ಅಲ್ಲಿಗೆ ಆಲ್ಬಂ ನಿಲ್ಲುತ್ತದೆ. ಆ್ಯಪ್‌ನ 'ಆಟೊಪ್ಲೇ'ಯನ್ನು ಮೊದಲೇ ಆಫ್ ಮಾಡಿರಬೇಕು, ಇಲ್ಲದಿದ್ದರೆ ಆ ಕರೆಯ ಮೇಲೆ ಯಾವುದೋ ಬೇರೆ ಹಾಡು ಬಂದು ಬೀಳುತ್ತದೆ. ಯಾರೂ ಎದ್ದು ದೀಪ ಹಾಕದಂತೆ ನೋಡಿಕೊಳ್ಳಿ. ಎರಡು ನಿಮಿಷ ಬಿಟ್ಟು ಚೀಟಿ ಬರೆಯಲು ಹೇಳಿ.